ಪಂಜದ ಸೊನ್ನೆ: ಪಾಡ್ದನದ ಪಾಠ ಮತ್ತು ಗಣಕದ ಕಣ್ಣು

(ದತ್ತಿ ಉಪನ್ಯಾಸದ ಲಿಖಿತ ರೂಪ)

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಪಾಠವೆಂದರೆ ಕೃತಿಯೊಂದು ಯಾವುದೋ ಒಂದು ಪ್ರತಿಯಲ್ಲಿ ತಾಳಿರುವ ಶಬ್ದರೂಪ. ಒಂದೇ ಕಾವ್ಯದ ಎರಡು ಓಲೆಗರಿ ಪ್ರತಿಗಳಲ್ಲಿ ಒಂದು ಮಾತು ಬೇರೆಬೇರೆಯಾಗಿ ಕಂಡರೆ ಅದು ಪಾಠಾಂತರ. ಅವುಗಳ ಪೈಕಿ ಕವಿ ಬರೆದಿರಬಹುದಾದದ್ದು ಯಾವುದೆಂದು ಕಾರಣ ಕೊಟ್ಟು ನಿರ್ಣಯಿಸುವುದು ಸಂಪಾದಕನ ಕೆಲಸ. ಕನ್ನಡದಲ್ಲಿ ಈ ಶಾಸ್ತ್ರವನ್ನು ಡಿ.ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಎಲ್ಲ ಪ್ರತಿಗಳ ಹಿಂದೆ ಒಂದು ಮೂಲವಿತ್ತು, ಲಿಪಿಕಾರರ ಕೈಯಲ್ಲಿ ಅದು ಕೆಡುತ್ತ ಬಂದಿತು, ಶ್ರಮಪಟ್ಟರೆ ಅದರ ಹತ್ತಿರಕ್ಕಾದರೂ ಹೋಗಬಹುದು ಎಂಬ ನಂಬಿಕೆ ಆ ಶಾಸ್ತ್ರದ ಅಡಿಗಲ್ಲು. ಅಕ್ಷರ, ಧ್ವನಿ, ಚಿತ್ರ ಎಲ್ಲವನ್ನೂ ಅಂಕಿಗಳ ಸಾಲಾಗಿ ಮಾರ್ಪಡಿಸಿ ಕೂಡಿಡುವ ಮತ್ತು ಹುಡುಕಿ ತೆಗೆಯುವ ಡಿಜಿಟಲ್ ವಿದ್ಯೆ ಸಾಹಿತ್ಯವನ್ನೂ ಸಾಹಿತ್ಯದ ಅಧ್ಯಯನವನ್ನೂ ಹೇಗೆ ಬದಲಾಯಿಸುತ್ತಿದೆ ಎಂಬ ಪ್ರಶ್ನೆಯನ್ನು ಈ ಅಡಿಗಲ್ಲಿನ ಬಳಿಯಲ್ಲೇ ಎತ್ತುವುದು ಲೇಸು. ಪಂಜದಂಥ ಊರಿನಲ್ಲಿ ನಿಂತು ಎತ್ತುವುದಾದರಂತೂ ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ, ಏಕೆಂದರೆ ತುಳುನಾಡಿನ ಅತ್ಯಂತ ಪ್ರಸಿದ್ಧವಾದ ಪಾಡ್ದನದ ಕಥೆ ತಿರುವು ಪಡೆಯುವುದು ಇದೇ ಸೀಮೆಯಲ್ಲಿ.

ಪಾಡ್ದನವೆಂದರೆ ದೈವಗಳ ಮತ್ತು ವೀರರ ಹುಟ್ಟು, ಪಯಣ, ಸಾವು, ಕಾರಣಿಕಗಳನ್ನು ಹೇಳುವ ತುಳು ಕಥನಗೀತ. ದೈವದ ಉತ್ಸವವಾದ ನೇಮದ ಅಂಗಳದಲ್ಲಿ ದೈವಕ್ಕೆ ಕಟ್ಟುವ ಸಮುದಾಯದವರು ಹಾಡುವುದು ಒಂದು ಬಗೆ, ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುವುದು ಇನ್ನೊಂದು ಬಗೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ದೇಯಿ ಬೈದ್ಯೆತಿಯ ಅವಳಿ ಮಕ್ಕಳು ಪಡುಮಲೆಯ ಬಲ್ಲಾಳನ ಆಶ್ರಯದಲ್ಲಿ ಬೆಳೆದು, ತಮ್ಮ ಹಗೆ ಬುದ್ಯಂತನನ್ನು ಕೊಂದು, ಊರು ಬಿಟ್ಟು ಅಕ್ಕ ಕಿನ್ನಿದಾರು ಮತ್ತು ಭಾವ ಪಯ್ಯ ಬೈದ್ಯರಿರುವ ಪಂಜಕ್ಕೆ ಬರುತ್ತಾರೆ. ಪಂಜದ ಕೇಮರ ಬಲ್ಲಾಳನ ಸೆರೆಗೆ ಸಿಕ್ಕಿ, ಅದನ್ನು ಮುರಿದು ಎಣ್ಮೂರಿನ ದೇವ ಬಲ್ಲಾಳನನ್ನು ಸೇರುತ್ತಾರೆ. ಬೇಟೆಯಾಡಿದ ಒಂದು ಹಂದಿಯ ನೆವದಿಂದ ಪಂಜಕ್ಕೂ ಎಣ್ಮೂರಿಗೂ ಹುಟ್ಟಿದ ಕಾಳಗದಲ್ಲಿ ಮಡಿಯುತ್ತಾರೆ. ಎಣ್ಮೂರಿನ ಗರಡಿ ಇಂದಿಗೂ ಆ ಮಣ್ಣಿನ ಮೇಲೆ ನಿಂತಿದೆ. ಕಥೆಯಲ್ಲಿ ಪಂಜಕ್ಕೆ ದೊರೆತ ಪಾತ್ರ ಹೊಗಳಿಕೆಯದಲ್ಲವಾದರೂ, ಪಂಜವಿಲ್ಲದೆ ಕಥೆಯಿಲ್ಲ.

ಈ ಹಾಡಿಗೆ ಮೂಲಪಾಠ ಯಾವುದು ಎಂದು ಕೇಳಿದರೆ ಗ್ರಂಥಸಂಪಾದನೆಯ ಶಾಸ್ತ್ರ ಸುಮ್ಮನಾಗುತ್ತದೆ. ಹಾಡುವವರು ನೂರು ಮಂದಿ, ಪ್ರತಿಯೊಬ್ಬರದೂ ಪೂರ್ಣವಾದ ಹಾಡು, ಒಬ್ಬರೇ ಎರಡು ಸಲ ಹಾಡಿದರೂ ಎರಡು ಹಾಡು. ಅಚ್ಚು ಈ ನೂರರಲ್ಲಿ ಕೆಲವನ್ನು ಹಿಡಿದು ನಿಲ್ಲಿಸಿತು. 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಬಾಸೆಲ್ ಮಿಷನ್ನಿನ ಮುದ್ರಣಾಲಯವೇ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣವನ್ನೂ 1886ರಲ್ಲಿ ಮೆನ್ನರ್ ಅವರ ತುಳು ನಿಘಂಟನ್ನೂ ‘ಪಾಡ್ದೊನೊಳು’ ಎಂಬ ಪಾಡ್ದನ ಸಂಗ್ರಹವನ್ನೂ ಮುದ್ರಿಸಿತು. ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳ ಇಂಗ್ಲಿಷ್ ಅನುವಾದಗಳು, ಕೋಟಿ ಚೆನ್ನಯರದೂ ಸೇರಿ, ಬರ್ನೆಲ್ ತೀರಿಹೋಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಮುಂದೆ ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಅದು ಯಕ್ಷಗಾನ ಪ್ರಸಂಗವಾಯಿತು, ನಾಟಕವಾಯಿತು, 1973ರಲ್ಲಿ ತುಳು ಚಲನಚಿತ್ರವಾಯಿತು. ವಾಮನ ನಂದಾವರ ಅವರ ಸಂಶೋಧನೆಯಲ್ಲಿ ಜಾನಪದೀಯ ಅಧ್ಯಯನದ ವಸ್ತುವಾಯಿತು. ಅಚ್ಚಿನ ಉಪಕಾರ ದೊಡ್ಡದು. ಆದರೆ ಅಚ್ಚಾದದ್ದೇ ಸರಿ, ಹಾಡಿದ್ದು ಅದರಿಂದ ಜಾರಿದ್ದು ಎಂಬ ಭಾವನೆಯನ್ನು ಓದುಬರಹ ಬಲ್ಲವರಲ್ಲಿ ಬೇರೂರಿಸಿದ್ದೂ ಅಚ್ಚೇ.

ಯಂತ್ರದಲ್ಲಿ ಧ್ವನಿಯನ್ನು ಹಿಡಿಯುವ ಅನುಕೂಲ ಬಂದ ಮೇಲೆ ಏನಾಯಿತೆಂಬುದಕ್ಕೆ ನೆರೆಯ ಬೆಳ್ತಂಗಡಿ ಸೀಮೆಯ ಸಿರಿ ಪಾಡ್ದನ ಸಾಕ್ಷಿ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಕೂತು ಧ್ವನಿಮುದ್ರಿಸಿ, ಚಿತ್ರೀಕರಿಸಿ, 1998ರಲ್ಲಿ ಪ್ರಕಟಿಸಿತು. ಸಾಲುಗಳ ಸಂಖ್ಯೆ 15,683. ಅದೇ ಗಾಯಕರು ಅದೇ ಕಥೆಯನ್ನು ಅದಕ್ಕೆ ಮೊದಲು ಬರೆದುಕೊಳ್ಳುವವರಿಗಾಗಿ ನಿಲ್ಲಿಸಿ ನಿಲ್ಲಿಸಿ ಹೇಳಿದಾಗ ಸಿಕ್ಕಿದ ಪಾಠ ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕೇಳಿಸಿಕೊಳ್ಳುವ ಸಾಧನ ಬದಲಾದುದರಿಂದ ಕಾವ್ಯದ ಅಳತೆಯೇ ಬದಲಾಯಿತು. ಪೆನ್ಸಿಲಿನ ವೇಗಕ್ಕೆ ಕಾಯುತ್ತ ಕೂತ ಗಾಯಕ ಪುನರುಕ್ತಿಗಳನ್ನು, ತುಂಬುಮಾತುಗಳನ್ನು, ಉಸಿರಿನ ಜೊತೆಗೆ ಬರುವ ವಿಸ್ತಾರವನ್ನು ಬಿಟ್ಟುಬಿಡುತ್ತಾನೆ ಎಂಬುದು ಹೊಲದಲ್ಲಿ ಹಾಡು ಕೇಳಿದವರಿಗೆ ಹೊಸ ಸಂಗತಿಯಲ್ಲ. ಅದು ಸಂಖ್ಯೆಯಾಗಿ ಕಣ್ಣೆದುರಿಗೆ ಬಂದದ್ದು ಹೊಸತು. ಮಿಷನರಿಗಳ ಕಾಲದ ಸಂಗ್ರಹಗಳನ್ನು ಓದುವಾಗ ಈ ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವು ಚಿಕ್ಕದಾಗಿ ಕಾಣುವುದಕ್ಕೆ ಒಂದು ಕಾರಣ ಸಿಗುತ್ತದೆ.

ಇನ್ನು ಅಕ್ಷರದ ವಿಷಯ. ಗಣಕಯಂತ್ರ ಅಕ್ಷರವನ್ನು ಆಕಾರದಿಂದ ಗುರುತಿಸುವುದಿಲ್ಲ, ಅದಕ್ಕೆ ಕೊಟ್ಟಿರುವ ಸಂಖ್ಯೆಯಿಂದ ಗುರುತಿಸುತ್ತದೆ. ಜಗತ್ತಿನ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಯೂನಿಕೋಡ್ ಎಂದು ಹೆಸರು. ಕನ್ನಡಕ್ಕೆ ಅದರಲ್ಲಿ 128 ಮನೆಗಳಿವೆ. ಈಗ ಪಂಜ ಎಂಬ ಎರಡೇ ಅಕ್ಷರದ ಹೆಸರನ್ನು ಹತ್ತಿರದಿಂದ ನೋಡಬೇಕು. ಪಕಾರದ ಮುಂದೆ ಇರುವ ದುಂಡನೆಯ ಗುರುತನ್ನು ವ್ಯಾಕರಣ ಅನುಸ್ವಾರವೆನ್ನುತ್ತದೆ, ಬಳಕೆಯ ಕನ್ನಡ ಸೊನ್ನೆ ಎನ್ನುತ್ತದೆ. ಕನ್ನಡ ಅಂಕಿಗಳಲ್ಲಿನ ಶೂನ್ಯವೂ ಸೊನ್ನೆಯೇ, ಆಕಾರವೂ ಹೆಚ್ಚುಕಡಿಮೆ ಅದೇ. ಹೀಗಾಗಿ ಬೆರಳಚ್ಚು ಮಾಡುವವರು ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತಿರುವುದು ಕನ್ನಡದ ಡಿಜಿಟಲ್ ಬರಹಗಳಲ್ಲಿ ಅಪರೂಪವೇನಲ್ಲ. ‘ಪಂಜ’ ಮತ್ತು ‘ಪ೦ಜ’ ಇವೆರಡನ್ನು ಓದುವ ಕಣ್ಣು ಒಂದೇ ಊರೆಂದು ತಿಳಿಯುತ್ತದೆ. ಗಣಕಕ್ಕೆ ಮೊದಲನೆಯದು ಊರು, ಎರಡನೆಯದು ಪಕಾರ, ಒಂದು ಅಂಕಿ ಮತ್ತು ಜಕಾರ. ಮೊದಲನೆಯದನ್ನು ಹುಡುಕಿದವರಿಗೆ ಎರಡನೆಯದು ಸಿಗುವುದಿಲ್ಲ, ಸಿಗಲಿಲ್ಲವೆಂಬುದೂ ತಿಳಿಯುವುದಿಲ್ಲ. ಓಲೆಗರಿಯ ಲಿಪಿಕಾರನ ತಪ್ಪು ಕಣ್ಣಿಗೆ ಕಾಣುತ್ತಿತ್ತು. ಈ ತಪ್ಪು ಕಣ್ಣಿಗೆ ಕಾಣದೆ ಇರುವುದರಿಂದಲೇ ಅಪಾಯಕಾರಿ, ಮತ್ತು ಇದನ್ನು ಪಾಠಾಂತರವೆಂದು ಕರೆಯಲು ಹಳೆಯ ಶಾಸ್ತ್ರದಲ್ಲಿ ಅವಕಾಶವೂ ಇಲ್ಲ.

ಹಳಗನ್ನಡದ ವಿದ್ಯಾರ್ಥಿಗೆ ಯೂನಿಕೋಡಿನಲ್ಲಿ ಇನ್ನೊಂದು ಸ್ವಾರಸ್ಯ ಕಾದಿದೆ. ಹಳಗನ್ನಡಕ್ಕೆ ಅನಿವಾರ್ಯವಾದ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಮನೆಯೇನೋ ಸಿಕ್ಕಿತು, ಆದರೆ ಅಧಿಕೃತ ಹೆಸರು ಬರೆಯುವಾಗ ಅದನ್ನು ಇಂಗ್ಲಿಷಿನ ‘ಎಫ್’ ಧ್ವನಿಯ ಅಕ್ಷರವೆಂದು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ತಪ್ಪೆಂಬ ಟಿಪ್ಪಣಿಯೊಡನೆ ಅದು ಹಾಗೆಯೇ ಉಳಿದಿದೆ. ಲಿಪಿಕಾರನ ಪ್ರಮಾದಕ್ಕೆ ಶಾಸನದ ಕಾವಲು ಸಿಕ್ಕ ಪ್ರಸಂಗವಿದು.

ಕನ್ನಡ ಗಣಕದ ಚರಿತ್ರೆಯಲ್ಲಿ ದಕ್ಷಿಣ ಕನ್ನಡದ ಪಾಲು ದೊಡ್ಡದು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಕನ್ನಡವನ್ನು ಉಚ್ಚಾರಣೆಗೆ ತಕ್ಕಂತೆ ಅಡಕಮಾಡಿದ ವಿನ್ಯಾಸವನ್ನು ರೂಪಿಸಿದರು. ಅದನ್ನೊಳಗೊಂಡ ತಂತ್ರಾಂಶಕ್ಕೆ ಛಂದಸ್ಸು, ವ್ಯಾಕರಣಗಳ ಮಹಾಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಇದೇ ವಿನ್ಯಾಸ ಕಚೇರಿ, ಶಾಲೆ, ಪತ್ರಿಕೆಗಳನ್ನು ತಲುಪಿತು. ಆದರೆ ಆ ಕಾಲದ ತಂತ್ರಾಂಶಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಮೇಲೆ ಕೂತಿದ್ದವು. ಅನ್ಯರ ಮನೆಯಲ್ಲಿ ಬಾಡಿಗೆಗಿದ್ದಂತೆ. ಆ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕದ ಒಂದು ಪುಟವನ್ನು ಇಂದು ನಕಲಿಸಿ ಬೇರೆಡೆ ಅಂಟಿಸಿದರೆ ಕನ್ನಡ ಮಾಯವಾಗಿ, ಮೇಲೆ ಬೊಟ್ಟಿಟ್ಟ ರೋಮನ್ ಅಕ್ಷರಗಳೂ ಅಂಕಿಗಳೂ ಚಿಹ್ನೆಗಳೂ ಕಲಸಿದ ಒಂದು ಗೋಜಲು ಕಾಣಿಸಿಕೊಳ್ಳುತ್ತದೆ. ಡಿಟಿಪಿ ಬಂದಂದಿನಿಂದ ಯೂನಿಕೋಡ್ ನೆಲೆಯಾಗುವ ತನಕ ಅಚ್ಚಾದ ಸಾವಿರಾರು ಕನ್ನಡ ಪುಸ್ತಕಗಳ ಕಡತಗಳು ಈ ಸ್ಥಿತಿಯಲ್ಲಿವೆ. ಕೈಯಿಂದ ಮೊಳೆ ಜೋಡಿಸಿ ಮುದ್ರಿಸಿದ ಕಿಟೆಲ್ ಅವರ 1894ರ ನಿಘಂಟನ್ನು ಇಂದು ಗಣಕದಲ್ಲಿ ಹುಡುಕಬಹುದು, ಗಣಕದಲ್ಲೇ ಹುಟ್ಟಿದ 1990ರ ದಶಕದ ಕಥಾಸಂಕಲನವನ್ನು ಹುಡುಕಲಾಗದು ಎಂಬುದು ವಿಚಿತ್ರವೆನಿಸಿದರೂ ನಿಜ. ಪರಿವರ್ತಕ ತಂತ್ರಾಂಶಗಳು ಇವೆ. ಅರ್ಕಾವತ್ತು, ಒತ್ತಕ್ಷರಗಳ ಬಳಿ ಅವು ಎಡವುವುದನ್ನು ತಿದ್ದಲು ಮನುಷ್ಯನೇ ಬೇಕು.

ಹುಡುಕಲು ಬರುವ ರೂಪಕ್ಕೆ ತಂದ ಸಾಹಿತ್ಯದಿಂದ ಅಧ್ಯಯನಕ್ಕೆ ಏನು ಲಾಭವೆಂಬುದನ್ನು ‘ವಚನ ಸಂಚಯ’ ಜಾಲತಾಣ ತೋರಿಸಿಕೊಟ್ಟಿದೆ. ಸಮಗ್ರ ವಚನ ಸಂಪುಟಗಳ 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಅದು ಪದಪದವಾಗಿ ಹುಡುಕಲು ಒದಗಿಸಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ವಿದ್ವಾಂಸರು ದಶಕಗಳ ಕಾಲ ಚೀಟಿಗಳ ಮೇಲೆ ಬರೆದು ವಿಂಗಡಿಸಿದ ಬಗೆಯ ಪ್ರಯೋಗಗಳು ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿಗೆ ನಿಲ್ಲುತ್ತವೆ. ಒಂದು ಪದ ಯಾವ ವಚನಕಾರರಲ್ಲಿದೆ, ಯಾರಲ್ಲಿ ಇಲ್ಲವೇ ಇಲ್ಲ ಎಂಬ ಪ್ರಶ್ನೆ, ವಿಶೇಷವಾಗಿ ಅದರ ಎರಡನೆಯ ಅರ್ಧ, ಹಿಂದೆ ಕೇಳಲು ಧೈರ್ಯವಾಗದಂಥದು. ಎಣಿಕೆಗೆ ಅದರದೇ ಮುಗ್ಧತೆಯೂ ಉಂಟು: ಬಸವಣ್ಣನವರು ಅತಿ ಹೆಚ್ಚು ಬಳಸಿದ ಪದ ಯಾವುದೆಂದು ಕೇಳಿದರೆ ಯಂತ್ರ ಪ್ರತಿ ವಚನದ ಕೊನೆಯಲ್ಲಿ ಬರುವ ಅಂಕಿತವನ್ನೇ ಮುಂದಿಡುವ ಸಂಭವ ಹೆಚ್ಚು, ಮತ್ತು ಅದು ತಪ್ಪೆಂದು ಹೇಳುವಂತೆಯೂ ಇಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳ ‘ಅಲರ್’ ನಿಘಂಟು 2019ರಲ್ಲಿ ಮುಕ್ತವಾಗಿ ಅಂತರ್ಜಾಲಕ್ಕೆ ಬಂದದ್ದು, ಯಕ್ಷವಾಹಿನಿಯ ಸ್ವಯಂಸೇವಕರು ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನು ಸಂಗ್ರಹಿಸಿ ಡಿಜಿಟಲ್ ರೂಪಕ್ಕೆ ತರುತ್ತಿರುವುದು ಇದೇ ಸಾಲಿನ ಕೆಲಸಗಳು. ಇವುಗಳಲ್ಲಿ ಬಹುಪಾಲು ನಡೆದಿರುವುದು ಸಾಹಿತ್ಯ ವಿಭಾಗಗಳ ಹೊರಗೆ, ಬೇರೆ ಉದ್ಯೋಗದಲ್ಲಿರುವವರ ಬಿಡುವಿನ ವೇಳೆಯಲ್ಲಿ, ಎಂಬುದನ್ನು ಸಾಹಿತ್ಯ ವಿಭಾಗಗಳು ಗಮನಿಸಬೇಕು.

ಕನ್ನಡದಿಂದ ತುಳುವಿಗೆ ಹೊರಳಿದರೆ ನೆಲ ಜಾರುತ್ತದೆ. ತುಳುವನ್ನು ಇಂದು ಬಹುಮಟ್ಟಿಗೆ ಬರೆಯುವುದು ಕನ್ನಡ ಲಿಪಿಯಲ್ಲಿ. ಕನ್ನಡ ಲಿಪಿಯಲ್ಲಿಲ್ಲದ ಎರಡು ಸ್ವರಗಳು ತುಳುವಿನಲ್ಲಿವೆ. ಒಂದು, ತುಟಿಯನ್ನು ದುಂಡಾಗಿಸದೆ ಉಚ್ಚರಿಸುವ ಅರ್ಧ ಉಕಾರ. ಇದನ್ನು ಕೆಲವರು ಅರ್ಧಾಕ್ಷರವಾಗಿ, ಕೆಲವರು ಪೂರ್ಣ ಉಕಾರವಾಗಿ, ಇನ್ನು ಕೆಲವರು ಮೇಲೊಂದು ಗುರುತು ಹಾಕಿ ಬರೆಯುವುದರಿಂದ ‘ಎಣ್ಮೂರ್’ ಮತ್ತು ‘ಎಣ್ಮೂರು’ ಗಣಕದ ಲೆಕ್ಕದಲ್ಲಿ ಎರಡು ಊರುಗಳಾಗುತ್ತವೆ. ಪಾಡ್ದನವೆಂಬ ಪದವೇ ಮೆನ್ನರರ ಪುಸ್ತಕದ ಹೆಸರಿನಲ್ಲಿ ಬೇರೆ, ಇಂದಿನ ಬಳಕೆಯಲ್ಲಿ ಬೇರೆ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತುಳು ನಿಘಂಟು ಪ್ರದೇಶ, ಸಮುದಾಯಗಳಿಗೆ ತಕ್ಕಂತೆ ಬದಲಾಗುವ ರೂಪಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ತೋರಿಸಿದೆ. ಅದನ್ನು ಕೀಲಿಯಾಗಿ ಬಳಸಿಕೊಂಡು, ಒಂದು ರೂಪವನ್ನು ಹುಡುಕಿದರೆ ಉಳಿದವೂ ಸಿಗುವಂತೆ ಮಾಡಬಹುದು. ಎಲ್ಲರೂ ಒಂದೇ ಕಾಗುಣಿತಕ್ಕೆ ಬರಲಿ ಎನ್ನುವುದಕ್ಕಿಂತ ಇದು ವಿವೇಕದ ದಾರಿ.

ಎರಡನೆಯ ಸ್ವರದ ಮಾತು ಇನ್ನೂ ಆಳವಾದದ್ದು. ತುಳುವಿನಲ್ಲಿ ‘ನಾನು ಬಂದೆ’ ಎನ್ನುವುದಕ್ಕೂ ‘ಅವನು ಬಂದ’ ಎನ್ನುವುದಕ್ಕೂ ಕ್ರಿಯಾಪದವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಸಾಮಾನ್ಯವಾಗಿ ಒಂದೇ ರೂಪ: ಬತ್ತೆ. ಕಿವಿಗೆ ಅವೆರಡೂ ಬೇರೆ. ಮೊದಲನೆಯದರ ಕೊನೆಯ ಎಕಾರ ಬಾಯಿಯನ್ನು ಅಗಲಿಸಿ ಹೇಳುವ ವಿವೃತ ಸ್ವರ, ಎರಡನೆಯದು ಸಂವೃತ ಸ್ವರ. ಮನೆಮಾತಿನಲ್ಲಿ ಸಂದರ್ಭವೇ ಅರ್ಥವನ್ನು ಹಿಡಿದುಕೊಡುವುದರಿಂದ ತೊಂದರೆಯಿಲ್ಲ. ನೇಮದ ಅಂಗಳದಲ್ಲಿ ಹಾಗಲ್ಲ. ಅಲ್ಲಿ ಪಾಡ್ದನ ‘ಅವನು’ ಎಂದು ದೈವದ ಕಥೆ ಹೇಳುತ್ತ ಹೋಗಿ, ಆವೇಶ ಬರುವ ಗಳಿಗೆಯಲ್ಲಿ ‘ನಾನು’ ಎಂದು ಹೊರಳುತ್ತದೆ. ಕಥೆ ಹೇಳುವವನು ಕಥೆಯೊಳಗಿನವನಾಗುವ ಆ ಹೊರಳನ್ನು ಪೀಟರ್ ಕ್ಲಾಸ್ ಮೊದಲಾದ ವಿದ್ವಾಂಸರು ಗಮನಿಸಿದ್ದಾರೆ. ಕೋಟಿ ಚೆನ್ನಯರದು ಬಹುವಚನವಾದ್ದರಿಂದ ಅಲ್ಲಿ ಪ್ರತ್ಯಯಗಳು ಬೇರೆಯೇ ಆಗಿ ಗೊಂದಲ ಕಡಿಮೆ. ಒಂಟಿ ದೈವದ ಪಾಡ್ದನದಲ್ಲಾದರೆ ಇಡೀ ಆಚರಣೆಯ ತಿರುಗಾಣಿ ಒಂದು ಎಕಾರದ ಅಗಲದ ಮೇಲೆ ನಿಂತಿರಬಹುದು, ಮತ್ತು ಅಚ್ಚಾದ ಪಾಠದಲ್ಲಿ ಅದರ ಕುರುಹೇ ಉಳಿದಿರಲಾರದು. ಅಕ್ಷರಕ್ಕೆ ಇಳಿಸಿದ ಪಾಡ್ದನವನ್ನು ಮೂಲವೆಂದೂ ಧ್ವನಿಯನ್ನು ಅದಕ್ಕೆ ಅನುಬಂಧವೆಂದೂ ಎಣಿಸುವ ಇಂದಿನ ಪದ್ಧತಿ ತಲೆಕೆಳಗಾಗಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಧ್ವನಿಯೇ ಪಾಠ, ಅಕ್ಷರ ಅದರೊಳಗೆ ದಾರಿ ತೋರುವ ಸೂಚಿ: ಬರಹದ ಪ್ರತಿ ಸಾಲಿನ ಬದಿಯಲ್ಲಿ ಅದು ಧ್ವನಿಯ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿನಲ್ಲಿದೆ ಎಂಬ ಗುರುತಿದ್ದರೆ ಸಾಲನ್ನು ಮುಟ್ಟಿದೊಡನೆ ಹಾಡು ಕೇಳಿಸುತ್ತದೆ. ಇದಕ್ಕೆ ಬೇಕಾದ ಸಲಕರಣೆ ಈಗ ದುಬಾರಿಯದೂ ಅಲ್ಲ, ಅಪರೂಪದ್ದೂ ಅಲ್ಲ. ಬೇಕಾಗಿರುವುದು ವಿವೃತ ಎಕಾರವನ್ನು ಕೇಳಿ ಗುರುತಿಸಬಲ್ಲ ಕಿವಿ, ಮತ್ತು ತಾಳ್ಮೆ.

ತುಳುವಿನ ಡಿಜಿಟಲ್ ನೆಲೆ ಇತ್ತೀಚೆಗೆ ವಿಸ್ತರಿಸಿದೆಯೆಂಬುದು ದಿಟ. 2016ರಲ್ಲಿ ತುಳು ವಿಕಿಪೀಡಿಯ ತೆರೆಯಿತು. 2024ರಲ್ಲಿ ಗೂಗಲ್‌ನ ಅನುವಾದ ಸೇವೆಗೆ ತುಳು ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಕೊಟ್ಟಿತು. ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ಓಲೆಗರಿಗಳಿಂದ ‘ಶ್ರೀ ಭಾಗವತೊ’ ಮೊದಲಾದ ಪ್ರಾಚೀನ ತುಳು ಕಾವ್ಯಗಳನ್ನು ಬೆಳಕಿಗೆ ತಂದಾಗ ಕನ್ನಡ ಲಿಪಿಗೆ ಇಳಿಸುವುದಲ್ಲದೆ ಬೇರೆ ಹಾದಿ ಇರಲಿಲ್ಲ; ಇನ್ನು ಮುಂದೆ ಗರಿಯಲ್ಲಿದ್ದ ಲಿಪಿಯಲ್ಲೇ ಪಾಠವನ್ನು ಕೊಡಬಹುದು.

ಯಂತ್ರಾನುವಾದವೂ, ಅದರ ಮುಂದಿನ ಹೆಜ್ಜೆಯಾದ ಭಾಷಾ ಮಾದರಿಗಳೂ ಬೇರೆ ಬಗೆಯ ಎಚ್ಚರವನ್ನು ಬೇಡುತ್ತವೆ. ಭಾಷಾ ಮಾದರಿಯೆಂದರೆ ಅಪಾರ ಪ್ರಮಾಣದ ಬರಹವನ್ನು ಉಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವವಿದೆಯೆಂದು ಲೆಕ್ಕ ಹಾಕಿ ವಾಕ್ಯ ಹೆಣೆಯುವ ತಂತ್ರಾಂಶ. ಗ್ರಂಥಸಂಪಾದನೆಯಲ್ಲಿ ಒಂದು ಹಳೆಯ ಸೂತ್ರವುಂಟು: ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು, ಏಕೆಂದರೆ ಲಿಪಿಕಾರನು ತನಗರ್ಥವಾಗದ್ದನ್ನು ಅರ್ಥವಾಗುವ ಮಾತಿಗೆ ತಿದ್ದುತ್ತಾನೆಯೇ ಹೊರತು ಸುಲಭವನ್ನು ಕಠಿಣವಾಗಿಸುವುದಿಲ್ಲ. ಭಾಷಾ ಮಾದರಿ ಸ್ವಭಾವತಃ ಈ ಸೂತ್ರದ ಎದುರಾಳಿ. ಅಚ್ಚಿನ ಚಿತ್ರದಿಂದ ಅಕ್ಷರವನ್ನು ಓದುವ ಹಳೆಯ ಯಂತ್ರ ‘ಪ’ಕಾರವನ್ನು ‘ವ’ಕಾರವೆಂದೋ, ಹೊಟ್ಟೆ ಸೀಳಿದ ‘ಧ’ವನ್ನು ‘ದ’ವೆಂದೋ ತಪ್ಪಾಗಿ ಓದಿದರೆ ಅಸಂಬದ್ಧ ಪದವೊಂದು ಉಳಿದು, ತಿದ್ದುವವನ ಕಣ್ಣಿಗೆ ಕುಟುಕುತ್ತಿತ್ತು. ಹೊಸದು ಅದನ್ನು ತಾನೇ ನಯವಾದ, ಅರ್ಥವತ್ತಾದ, ಆದರೆ ಮೂಲದಲ್ಲಿಲ್ಲದ ಪದವಾಗಿ ತಿದ್ದಿಬಿಡಬಲ್ಲದು. ಪಾಡ್ದನದಲ್ಲಿ ಅರ್ಥ ಮರೆತುಹೋದ ಪದಗಳು ಹೇರಳ. ಹಾಡುವವರೇ ‘ಹಿರಿಯರು ಹೇಳುತ್ತಿದ್ದರು, ಹಾಗಾಗಿ ಹೇಳುತ್ತೇವೆ’ ಎಂದು ಬಿಟ್ಟಿರುವ ಆ ಮಾತುಗಳೇ ಭಾಷಾಚರಿತ್ರೆಗೆ ಹೊನ್ನು. ಅವನ್ನು ನಯಗೊಳಿಸುವ ಯಂತ್ರದ ಕೈಗೆ ಪಾಡ್ದನದ ಲಿಪ್ಯಂತರವನ್ನು ಒಪ್ಪಿಸಿ ಎದ್ದುಹೋಗುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಹಾಡು ಕಡಿಮೆಯಾದದ್ದು ಮೊಬೈಲ್ ಫೋನಿನಿಂದ ಎಂಬ ಸಾಮಾನ್ಯ ದೂರನ್ನು ಒಪ್ಪಲಾಗುವುದಿಲ್ಲ. ಸುಳ್ಯ, ಪುತ್ತೂರು, ಕಡಬ ಸೀಮೆಯ ಬೈಲುಗಳಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು, ಗುಡ್ಡಗಳು ರಬ್ಬರಾದವು. ನೇಜಿ ನೆಡುವ ಕೆಲಸವೇ ಇಲ್ಲದ ಮೇಲೆ ಬಾಗಿದ ಬೆನ್ನುಗಳ ಸಾಲಿನಲ್ಲಿ ಒಬ್ಬಾಕೆ ಎತ್ತಿ ಉಳಿದವರು ಸೊಲ್ಲು ಸೇರಿಸುವ ಹಾಡಿಗೆ ನಿಲ್ಲಲು ಜಾಗವಿಲ್ಲ. ಫೋನು ಬಂದದ್ದು ಆಮೇಲೆ. ಗದ್ದೆಯಲ್ಲಿ ಹಾಡಿದ್ದವರನ್ನು ಜಗಲಿಯಲ್ಲಿ ಕೂರಿಸಿ ಹಾಡಿಸಿದ ಧ್ವನಿಮುದ್ರಣಕ್ಕೆ ಬೆಲೆಯಿದೆ, ಆದರೆ ಅದು ಗದ್ದೆಯ ಹಾಡಲ್ಲವೆಂಬುದನ್ನು ಕಡತದಲ್ಲಿ ಬರೆದಿಡುವುದು ಪ್ರಾಮಾಣಿಕತೆ. ನೇಮದ ಪಾಡ್ದನ, ಮದಿಪುಗಳ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ಮದಿಪೆಂದರೆ ದೈವವೂ ಊರವರೂ ಪರಸ್ಪರ ಆಡುವ ಶಿಷ್ಟ ನುಡಿ. ಅದನ್ನು ಆಡಲು ಹೊತ್ತು, ಜಾಗ, ಅಧಿಕಾರಗಳಿವೆ. ಅದರ ಅರ್ಧ ನಿಮಿಷದ ತುಣುಕು ಸಂದರ್ಭ ಕಳಚಿಕೊಂಡು ಫೋನಿನಿಂದ ಫೋನಿಗೆ ಓಡುವಾಗ, ಅದನ್ನು ಪೀಳಿಗೆಗಳಿಂದ ಕಾಪಾಡಿಕೊಂಡು ಬಂದ ಸಮುದಾಯಗಳ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಏನನ್ನು ಧ್ವನಿಮುದ್ರಿಸಬಹುದು, ಅದರಲ್ಲಿ ಏನನ್ನು ಹೊರಗಿನವರು ಕೇಳಬಹುದು ಎಂಬುದನ್ನು ಅವರೇ ನಿರ್ಣಯಿಸುವ ಏರ್ಪಾಡು ಇಲ್ಲದ ಸಂಗ್ರಹ ಎಷ್ಟೇ ದೊಡ್ಡದಾದರೂ ಅಧ್ಯಯನಕ್ಕೆ ಅರ್ಹವಾದ ಆಕರವಾಗದು.

ಪಂಜ, ಎಣ್ಮೂರು, ಪಡುಮಲೆಗಳ ನಡುವೆ ಇಂದು ಹಾಡಬಲ್ಲವರ ಕೋಟಿ ಚೆನ್ನಯ ಪಾಡ್ದನಗಳನ್ನು, ಯಾವುದನ್ನೂ ಯಾವುದಕ್ಕೂ ತಿದ್ದದೆ, ಊರಿನ ಗುರುತಿನೊಡನೆ ಅಕ್ಕಪಕ್ಕದಲ್ಲಿಡುವುದು ಸಾಧ್ಯವಾದರೆ, ಕೇಮರ ಬಲ್ಲಾಳನ ಕಥೆಯನ್ನು ಪಂಜದ ಬದಿಯ ಬಾಯಿಗಳು ಹೇಗೆ ಹೇಳುತ್ತವೆ, ಎಣ್ಮೂರಿನ ಬದಿಯವು ಹೇಗೆ ಹೇಳುತ್ತವೆ ಎಂದು ಹೋಲಿಸಿ ನೋಡಬಹುದು. ಅಚ್ಚಿನ ಒಂದು ಪುಸ್ತಕದಿಂದ ಆಗದ ಕೆಲಸವದು. ಸದ್ಯಕ್ಕೆ ಇಂಥ ಧ್ವನಿಮುದ್ರಣಗಳು ಫೋನುಗಳಲ್ಲಿ ತಾರೀಕು ಮತ್ತು ಅಂಕಿಗಳ ಉದ್ದನೆಯ ಹೆಸರು ಹೊತ್ತು, ಮದುವೆಯ ಫೋಟೊಗಳ ನಡುವೆ ಬಿದ್ದಿರುತ್ತವೆ. ಹಾಡು ಶುರುವಾಗುವ ಮೊದಲೇ ಹಾಡುವವರು ತಮ್ಮ ಊರನ್ನು, ಕಲಿಸಿದವರನ್ನು, ಈ ಹಾಡಿಗೆ ತಾವು ಕರೆಯುವ ಹೆಸರನ್ನು ತಮ್ಮ ಬಾಯಿಂದಲೇ ಹೇಳಿ ಅದೇ ಕಡತದಲ್ಲಿ ಸೇರಿಸಿದರೆ, ಮುಂದೆ ಅದನ್ನು ಅಕ್ಷರಕ್ಕಿಳಿಸುವವರು ಯಾವ ಸೊನ್ನೆಯನ್ನೇ ಒತ್ತಲಿ, ಪಂಜವೆಂಬುದು ಪಂಜವೆಂದೇ ಕೇಳಿಸುತ್ತದೆ.